ಗೀಟಿನಾಚೆಯ ಖಾಲಿ ಜಾಗ

ಸೈನ್ಯ ಅಧಿಕಾರ ಹಿಡಿದು ಆರು ತಿಂಗಳಾದ ಮೇಲೆ ಪೇಂಟರನಿಗೆ ಜಿಲ್ಲಾ ಕಚೇರಿಯಿಂದ ಕರೆ ಬಂತು. ದೊಡ್ಡ ಸಾಹೇಬರ ಕೋಣೆಯ ಕಪ್ಪು ಹಲಗೆಯ ಮೇಲೆ ಹೊಸ ಸಾಹೇಬನ ಹೆಸರು ಬರೆಯಬೇಕಂತೆ. ಅದೇ ಕಟ್ಟಡದ ಹಿಂದಿನ ಕೋಣೆಯಲ್ಲಿ ಅವನ ತಮ್ಮ, ಶಾಲೆಯ ಮೇಷ್ಟ್ರು, ಹನ್ನೊಂದು ದಿನದಿಂದ ಬಂಧಿಯಾಗಿದ್ದ. ಹೊರಡುವಾಗ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

"ಬ್ರಷ್ಷು ಆಡ್ಲಿ, ನಿಮ್ಮ ನಾಲಿಗೆ ಆಡೋದು ಬೇಡ. ಮೈದುನನ್ನ ಕರ್ಕೊಂಡು ಬನ್ನಿ, ಸಾಕು."

ತಮ್ಮ ಮಾಡಿದ ತಪ್ಪು ಇಷ್ಟೇ. ಏಳನೇ ತರಗತಿಗೆ ಸರ್ಕಾರದ ಬಗೆಗಳ ಪಾಠ ಮಾಡಿದ್ದ. ಪುಸ್ತಕದಲ್ಲಿದ್ದ ಪಾಠವೇ. ಅರಸನಾದರೆ ಅವನು ಸಾಯುವ ತನಕ ಕಾಯಬೇಕು, ಓಟಿನವನಾದರೆ ಐದು ವರ್ಷ ಕಾಯಬೇಕು, ಸೈನ್ಯವಾದರೆ ಯಾವುದಕ್ಕೆ ಕಾಯಬೇಕೆಂದೇ ತಿಳಿಯುವುದಿಲ್ಲ ಎಂದು ಕೊನೆಗೆ ತನ್ನದೊಂದು ಸಾಲು ಸೇರಿಸಿದ್ದ.

ಪೇಂಟರನ ವಾದವೇ ಬೇರೆ. ಕ್ಷೌರದಂಗಡಿಯ ಬೆಂಚಿನ ಮೇಲೆ ಕೂತು ಇಪ್ಪತ್ತು ವರ್ಷ ಒಂದೇ ರಾಗ ಎಳೆದವನು ಅವನು: ಈ ದೇಶಕ್ಕೆ ಮಿಲಿಟರಿಯೇ ಬರಬೇಕು, ಬೆನ್ನಿಗೆ ನಾಲ್ಕು ಬಿದ್ದರೆ ಎಲ್ಲರೂ ನೆಟ್ಟಗಾಗುತ್ತಾರೆ. ಪಕ್ಕದಲ್ಲೇ ಕೂತ ತಮ್ಮ ಪ್ರತಿ ಸಲವೂ ಜಗಳಕ್ಕೆ ಬೀಳುತ್ತಿದ್ದ. ಮೊದಲ ಏಟು ನಿನಗೇ ಬೀಳುವುದು, ನಿನ್ನ ಬಾಯಿ ಅಷ್ಟು ದೊಡ್ಡದು ಎಂದು ಛೇಡಿಸುತ್ತಿದ್ದ. ಅರ್ಧ ಕೆನ್ನೆ ಬೋಳಿಸಿಕೊಂಡ ಗಿರಾಕಿಗಳೂ ಇತ್ತ ತಿರುಗಿ ನಗುತ್ತಿದ್ದರು. ಈಗ ಆ ಬೆಂಚಿನ ಮೇಲೆ ಯಾರೂ ಕೂರುತ್ತಿರಲಿಲ್ಲ.

ಕಚೇರಿಯೊಳಗೆ ಕಾಲಿಟ್ಟರೆ ಎಲ್ಲವೂ ಚೊಕ್ಕಟ. ಓಟಿನವರ ಕಾಲದಲ್ಲಿ ಇಲ್ಲಿ ಮೆಟ್ಟಿಲು ಹತ್ತಲು ಜಾಗವಿರುತ್ತಿರಲಿಲ್ಲ. ಅರ್ಜಿ, ಬೈಗುಳ, ಉಗುಳು, ಎಲ್ಲ ಒಟ್ಟಿಗೆ. ಈಗ ನೆಲದಲ್ಲಿ ಮುಖ ಕಾಣುತ್ತಿತ್ತು. ಸಾಲಾಗಿ ಕೂತ ಮೂವತ್ತು ಗುಮಾಸ್ತರಲ್ಲಿ ಒಬ್ಬನೂ ಕೆಮ್ಮಲಿಲ್ಲ. ಪುಟ ತಿರುಗುವ ಸದ್ದು ಮಾತ್ರ ಬರುತ್ತಿತ್ತು, ಅದೂ ಮೂವತ್ತೂ ಕಡೆಯಿಂದ ಒಂದೇ ಸಲ. ತಾನು ಇಪ್ಪತ್ತು ವರ್ಷ ಬೇಡಿಕೊಂಡದ್ದು ಇದನ್ನೇ ಎಂದು ಪೇಂಟರನಿಗೆ ಹೊಳೆಯಿತು.

ಹಲಗೆಯ ಮೇಲೆ ಅರಸರ ಕಾಲದಿಂದ ಹಿಡಿದು ಇಪ್ಪತ್ತಾರು ಹೆಸರಿದ್ದವು. ಮೇಲಿನ ಒಂಬತ್ತು ಅಪ್ಪನ ಕೈಬರಹ, ಉಳಿದವು ಇವನವು. ಪ್ರತಿ ಹೆಸರಿನ ಮುಂದೆ ಬಂದ ದಿನ, ಒಂದು ಗೀಟು, ಹೋದ ದಿನ. ಹೊಸಬನ ಹೆಸರು ಬರೆಯುವಾಗಲೇ ಗೀಟನ್ನೂ ಎಳೆದು ಆಚೆಗೆ ಜಾಗ ಬಿಡುವುದು ಅಪ್ಪ ಕಲಿಸಿದ ಕ್ರಮ. ಆತ ಹೋದಾಗ ತಾರೀಖು ತುಂಬಿದರಾಯಿತು, ಸಾಲು ಸೊಟ್ಟಗಾಗುವುದಿಲ್ಲ. ಪೇಂಟರ್ ಮೈಯೆಲ್ಲ ಕಣ್ಣಾಗಿ ಬರೆದ. ಹೆಸರಾಯಿತು, ತಾರೀಖಾಯಿತು. ಕೈ ತನ್ನ ಪಾಡಿಗೆ ಗೀಟನ್ನೂ ಎಳೆಯಿತು.

"ಇದೇನು?" ಬೆನ್ನ ಹಿಂದೆ ಸಾಹೇಬ ಮೆಲ್ಲಗೆ ಕೇಳಿದ.

"ಗೀಟು ಸಾರ್. ತಾವು ಹೋದ ದಿನ ಹಾಕೋಕೆ..." ಪೇಂಟರ್ ಅರ್ಧಕ್ಕೆ ನಾಲಿಗೆ ಕಚ್ಚಿಕೊಂಡ.

ಸಾಹೇಬ ಸಿಟ್ಟಾಗಲಿಲ್ಲ. ಹೆದರಿಕೆ ಹುಟ್ಟಿಸಿದ್ದು ಅದೇ. ಓಟಿನ ಕಾಲದ ಅಧ್ಯಕ್ಷನಾಗಿದ್ದರೆ ಕುರ್ಚಿ ಎತ್ತಿ ಬೀಸುತ್ತಿದ್ದ, ಪೇಂಟರನೂ ಎರಡು ಮಾತು ತಿರುಗಿ ಎಸೆಯುತ್ತಿದ್ದ, ಮಧ್ಯಾಹ್ನದೊಳಗೆ ಇಬ್ಬರೂ ಮರೆಯುತ್ತಿದ್ದರು. ಈ ಸಾಹೇಬ ಹಲಗೆಯನ್ನು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಓದಿ, ಹೋಗುವವರ ಪಟ್ಟಿಯಲ್ಲಿ ತಾನಿರುವುದು ಬೇಡವೆಂದ. ಎಲ್ಲಕ್ಕೂ ಕಪ್ಪು ಬಳಿದು ನಡುವೆ ಹುದ್ದೆಯನ್ನಷ್ಟೇ ಬರೆಯಬೇಕು. ತಾರೀಖು ಬೇಡ. ಹೆಸರೂ ಬೇಡ, ಹೆಸರಿನವರು ಬದಲಾಗುತ್ತಿರುತ್ತಾರೆ. ಕೆಲಸ ಮುಗಿದ ಕೂಡಲೇ ಮೇಷ್ಟ್ರನ್ನು ಕರೆದುಕೊಂಡು ಹೋಗಬಹುದು.

ಡಬ್ಬಿಯನ್ನು ಸಾಹೇಬನ ತಲೆಯ ಮೇಲೆ ಸುರಿಯುವಷ್ಟು ಸಿಟ್ಟು ಪೇಂಟರನಿಗೆ ಏರಿ, ಹಿಂದಿನ ಕೋಣೆಯ ನೆನಪಾಗಿ ಇಳಿಯಿತು. ಕೆಳಗಿನಿಂದ ಬಳಿಯತೊಡಗಿದ. ತನ್ನ ಅಕ್ಷರಗಳನ್ನು ಮುಚ್ಚುವುದು ಕಷ್ಟವಾಗಲಿಲ್ಲ. ಅಪ್ಪನ ಸಾಲುಗಳು ಬಂದಾಗ ಕೈ ನಿಂತಿತು. ಮುಖ ಪಕ್ಕಕ್ಕೆ ತಿರುಗಿಸಿಕೊಂಡು ಬಳಿದ. ನಡುವೆ ಹುದ್ದೆಯನ್ನಷ್ಟೇ ಬರೆದು ಮುಗಿಸಿದ.

ತಮ್ಮನನ್ನು ಕರೆತಂದರು. ಮೈಮೇಲೆ ಒಂದು ಗೀರೂ ಇರಲಿಲ್ಲ. ಅಂಗಿಗೆ ಇಸ್ತ್ರಿಯಾಗಿತ್ತು, ತಲೆ ಬಾಚಿತ್ತು. ಸರ್ಕಾರದಲ್ಲಿ ಎಷ್ಟು ಬಗೆ ಎಂದು ಸಾಹೇಬ ಕೇಳಿದ.

ತಮ್ಮ ಹಸಿ ಹಲಗೆಯನ್ನು ನೋಡಿದ. "ಒಂದು, ಸಾರ್."

ಜೀವ ಉಳಿಸಿಕೊಳ್ಳಲು ಆಡಿದ ಮಾತು ಎಂದು ಪೇಂಟರ್ ಸಮಾಧಾನ ಮಾಡಿಕೊಂಡ. ಎರಡು ಬೀದಿ ದಾಟಿ, ಯಾರೂ ಇಲ್ಲದ ಕಡೆ, ಬೇಕೆಂದೇ ಕೆಣಕಿದ.

"ನಾನು ಬಡ್ಕೋತಿದ್ದೆನಲ್ಲೋ, ಮಿಲಿಟರಿನೇ ಬರ್ಬೇಕು ಅಂತ. ಈಗ ಬಾಯಿ ಬಿಡು ನೋಡೋಣ."

"ನೀನು ಹೇಳಿದ್ದೇ ಸರಿ, ಅಣ್ಣ."

"ಮುಠ್ಠಾಳ, ನಾನು ಹೇಳಿದ್ದು ತಪ್ಪು ಕಣೋ."

"ಅದೂ ಸರಿ, ಅಣ್ಣ."

ಚೌಕದಲ್ಲಿ ಕೆಂಪು ದೀಪ ಉರಿಯುತ್ತಿತ್ತು. ನಾಲ್ಕೂ ಕಡೆ ಒಂದು ಸೈಕಲ್ಲಿನ ಸುಳಿವೂ ಇರಲಿಲ್ಲ. ತಮ್ಮ ನಿಂತ. ದೀಪ ಹಸಿರಾಯಿತು, ಮತ್ತೆ ಕೆಂಪಾಯಿತು. ಅವನು ನಿಂತೇ ಇದ್ದ. ಪೇಂಟರ್ ಕೈ ಹಿಡಿದು ಎಳೆದ, ಗದ್ದ ಹಿಡಿದು ಬೇಡಿದ, ಸತ್ತ ಅಮ್ಮನ ಆಣೆ ಹಾಕಿದ. ತಮ್ಮ ಕದಲಲಿಲ್ಲ. ಕೊನೆಗೆ ಪೇಂಟರ್ ಎರಡು ಹೆಜ್ಜೆ ಹಿಂದೆ ಸರಿದು, ಎದೆ ಸೆಟೆಸಿ, "ನಡಿ" ಎಂದ.

ತಮ್ಮ ನಡೆದ. ಮನೆ ಇನ್ನೂ ಅರ್ಧ ಮೈಲಿಯಿತ್ತು. ಪ್ರತಿ ತಿರುವಿನಲ್ಲೂ ಹೇಳಬೇಕಾಯಿತು.