ಶಾಂತಮಲ್ಲಪ್ಪನವರ ಕರಕರ ಕ್ಯಾಸೆಟ್

"ಶಾರ್ಟು! ಶಾರ್ಟಾಗೈತೆ, ಕಿತ್ತಾಕ್ರೋ ವೈರ್ನ!" ಎಂದು ಕಿರುಚುತ್ತ ಕೆಂಚಯ್ಯ ಸಿಲ್ವರ್ ಓಕ್ ಮರದಿಂದ ಅರ್ಧ ಇಳಿದು ಇನ್ನರ್ಧ ಜಾರಿದ. ಮರಕ್ಕೆ ಆಗಷ್ಟೇ ಕಟ್ಟಿದ್ದ ಮೈಕಿನ ಹಾರ್ನಿನಿಂದ, ತಗಡಿನ ಮೇಲೆ ಯಾರೋ ಮೊಳೆ ಎಳೆದಂತೆ 'ಕರ್ರ್ರ್' ಎಂಬ ಸದ್ದು ಹೊರಟು ಯಸಳೂರು ಬಸ್ ಸ್ಟ್ಯಾಂಡಿನವರೆಗೂ ಹೋಯಿತು. ಹೆಂಗಸರ ಅಳು ನಿಂತಿತು. ನಾಯಿಯದು ಶುರುವಾಯಿತು.

"ಶಾರ್ಟಲ್ಲ ಕೆಂಚಣ್ಣ, ಕ್ಯಾಸೆಟ್ಟೇ ಹಂಗೆ. ಅಪ್ಪಾಜಿಗೆ ಇಷ್ಟ ಇದ್ದಿದ್ದು," ಎಂದಳು ಮಗಳು ತನುಜಾ, ಟೇಪ್ ರೆಕಾರ್ಡರಿಗೆ ಕೈ ಅಡ್ಡವಿಟ್ಟು.

ಅಪ್ಪಾಜಿ, ಅಂದರೆ ಶಾಂತಮಲ್ಲಪ್ಪನವರು, ಜಗಲಿಯ ಗೋಡೆಗೊರಗಿ ಚಕ್ಕಳಮಕ್ಕಳ ಹಾಕಿ ಕುಳಿತಿದ್ದರು. ಅವರಲ್ಲಿ ಕೂರಿಸಿಯೇ ಮಣ್ಣು ಮಾಡುವ ಪದ್ಧತಿ; ಮೈ ಸೆಟೆಯುವ ಮೊದಲೇ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಗದ್ದ ಜಾರದಂತೆ ಬಿಳಿ ಬಟ್ಟೆ. ತಲೆ ತುಸು ವಾಲಿ, ಹಾರ್ನಿನ ಕಡೆಗೇ ಕಿವಿ ಕೊಟ್ಟಂತಿತ್ತು. ಜೀವಮಾನವಿಡೀ ಮೈಕ್ ಸೆಟ್ ಬಾಡಿಗೆಗೆ ಕೊಟ್ಟವರು: ಮದುವೆಗೆ ಸಿನಿಮಾ ಹಾಡು, ಸಾವಿಗೆ ಭಕ್ತಿಗೀತೆ, ಚುನಾವಣೆಗೆ ಎರಡೂ. ಕೆಂಚಯ್ಯ ಅವರ ಕೈಯಾಳು.

ಶಾಂತಮಲ್ಲಪ್ಪನವರ ಅಣ್ಣ ರುದ್ರಯ್ಯ ಎದ್ದು ಬಂದರು. "ಏನವ್ವಾ ಇದು? ಹೆಣದ ಮುಂದೆ ಗರಗಸ ಎಳೀತೀಯಾ? ಕುಂದೂರಿಂದ ಬೀಗರು ಬಂದವ್ರೆ."

"ಅವರೇ ಹೇಳಿದ್ರು ದೊಡ್ಡಪ್ಪ. ನನ್ನ ಕೂರಿಸಿದ ದಿನ ಇದನ್ನ ಹಾಕು, ಒಂದು ಮಗ್ಗಲು ಪೂರ್ತಿ ಅಂತ."

"ಅವ್ನ್ ಹೇಳ್ದ, ನೀನ್ ಕೇಳ್ದೆ! ನಾಳೆ ಊರು ನಮ್ಮನ್ನ ಆಡ್ಕಂಡು ನಗ್ತದೆ ಕಣವ್ವ." ಅವರೇ ಬಗ್ಗಿ ಗುಂಡಿ ಒತ್ತಿದರು. ಕೆಂಚಯ್ಯ ಭಕ್ತಿಗೀತೆ ತುರುಕಿದ. ಹೆಂಗಸರಿಗೆ ಮತ್ತೆ ಅಳು ಬಂತು.

*

ಹೆತ್ತೂರು ಕಡೆಯ ಎಸ್ಟೇಟ್ ಮಾಲೀಕರ ಮಗ ಸಿ.ಡಿ.ಗೆ ಬಡ್ತಿ ಪಡೆದ ವರ್ಷ, "ಇವುಗಳ ಮೇಲೆ ಭಕ್ತಿಗೀತೆ ತುಂಬಿಸ್ಕೊಳ್ಳಿ" ಎಂದು ಹಳೇ ಕ್ಯಾಸೆಟ್ಟುಗಳ ರಟ್ಟಿನ ಡಬ್ಬಿ ಕೊಟ್ಟಿದ್ದ. ಅಳಿಸುವ ಮುಂಚೆ ಒಮ್ಮೆ ಕೇಳೋಣವೆಂದು ಕುಳಿತ ಶಾಂತಮಲ್ಲಪ್ಪ ಏಳಲಿಲ್ಲ. ಪರದೇಶದವರು ಸಂಗೀತವೆಂದು ಪಿಯಾನೋದ ಹೊಟ್ಟೆಗೆ ಕೈಹಾಕಿ ತಂತಿ ಕೆರೆದದ್ದು, ಕೊಳವೆಗೆ ಬರೀ ಉಸಿರು ಬಿಟ್ಟದ್ದು, ತುಕ್ಕು ಹಿಡಿದ ಬಾಗಿಲನ್ನು ಅರ್ಧ ಗಂಟೆ ತೆರೆದದ್ದು. ಇಂಗ್ಲಿಷ್ ಹೆಸರುಗಳು ನಾಲಿಗೆಗೆ ಹೊರಳದೆ ತಾವೇ ನಾಮಕರಣ ಮಾಡಿದರು: ಕಾಫಿ ಹಣ್ಣು ಸುಲಿಯುವ ಯಂತ್ರದ ನೆನಪಿಗೆ 'ನೆಗಡಿಯಾದ ಪಲ್ಪರ್', 'ಸಿಟ್ಟಿನ ಸೊಳ್ಳೆ', 'ಬಾಗಿಲು'. ಮೂರನ್ನೂ ಬಾಯಲ್ಲೇ ನುಡಿಸಿ ಮಗಳನ್ನು ನಗಿಸುತ್ತಿದ್ದರು.

"ಎಲ್ಲಾ ಒಳ್ಳೇವು ಅನ್ಕಬ್ಯಾಡ," ಎನ್ನುವರು. "ಈ ಸೊಳ್ಳೆಯವ್ನು ಶುದ್ಧ ಮೋಸ. ಫ್ರಿಜ್ ಮುಂದೆ ಮೈಕ್ ಇಟ್ಟು ಮಲ್ಗವ್ನೆ. 'ಬಾಗಿಲು' ಹಂಗಲ್ಲ. ಮೊದ್ಲು ಟೇಪ್ ಎತ್ತಿ ಬಿಸಾಕೋಣ ಅನ್ನಿಸ್ತು. ಆಮೇಲೆ, ಪಾಪ, ತೆರ್ಕಳಾಕೆ ಕಷ್ಟ ಪಡ್ತಾ ಐತಲ್ಲ ಅನ್ನಿಸ್ತು. ನಾನು ಬಾಡಿಗೆಗೆ ಹಾಕೋ ಹಾಡು ಅಳು ಅಂದ್ರೆ ಅಳ್ಬೇಕು, ಕುಣಿ ಅಂದ್ರೆ ಕುಣೀಬೇಕು. ಇದು ಏನೂ ಹೇಳಕಿಲ್ಲ. ಸುಮ್ನೆ ಕುಂತಿರು ಅಂತೈತೆ."

"ಕುಂತಿರಿ, ಕುಂತಿರಿ. ಅನ್ನ ಆರೋಗ್ಲಿ," ಎಂದು ಒಳಗಿನಿಂದ ಹೆಂಡತಿ ಸುಲೋಚನಮ್ಮ ತಾಳ ಹಾಕುವರು.

ಕಾಫಿಗೆ ಬಂದವರಿಗೆಲ್ಲ 'ಬಾಗಿಲು' ಕೇಳಿಸುತ್ತಿದ್ದರು. ಬಂದವರು ಬೇರೆ ಬಾಗಿಲು ಹುಡುಕುತ್ತಿದ್ದರು. ಒಮ್ಮೆ ಆಲೂರಿನ ಇನ್ಶೂರೆನ್ಸ್ ಏಜೆಂಟ್ ಒಬ್ಬ ಕಣ್ಣು ಮುಚ್ಚಿ ಕೇಳುತ್ತಿದ್ದಾನೆಂದು ಶಾಂತಮಲ್ಲಪ್ಪ ಉಸಿರು ಬಿಗಿಹಿಡಿದು ಕುಳಿತರು. ಅವನು ಗೊರಕೆ ಹೊಡೆದ.

ಅವತ್ತು ಅವರಿಗೆ ನಗು ಬರಲಿಲ್ಲ. "ಒಬ್ನಾದ್ರೂ ಕೊನೇ ಗಂಟ ಕೂರಬಾರ್ದಾ ತನು? ನಾನು ಸತ್ತಾಗ ಹಾಕು. ಮಣ್ಣಾಗೋಗಂಟ ಒಬ್ನೂ ಎದ್ದು ಹೋಗಂಗಿಲ್ಲ."

*

ಮಧ್ಯಾಹ್ನ ಎರಡು ಭಕ್ತಿಗೀತೆಗಳ ನಡುವಿನ ಸಂದಿಯಲ್ಲಿ ತನುಜಾ ಮತ್ತೆ 'ಬಾಗಿಲು' ಹಾಕಿದಳು. ಕೆಂಚಯ್ಯ ಓಡಿ ಬಂದು, "ಟೇಪಿನ ಹೆಡ್ಡು ಕೊಳೆಯಾಗೈತೆ," ಎಂದು ಕ್ಯಾಸೆಟ್ ತೆಗೆದು, ಹತ್ತಿಗೆ ಸ್ಪಿರಿಟ್ ಅದ್ದಿ ಭಕ್ತಿಯಿಂದ ಒರೆಸಿದ.

"ಅಯ್ಯೋ, ಮುಟ್ಟಬೇಡ್ವೋ ಮಾರಾಯ!" ತನುಜಾಳಿಗೆ ಅಳುವುದೋ ಬಡಿಯುವುದೋ ತಿಳಿಯಲಿಲ್ಲ. ಸಂಜೆಯೊಳಗೆ ಅಪ್ಪ ಮಣ್ಣಿನಡಿ ಹೋಗುತ್ತಾರೆ. ಆಮೇಲೆ ಯಾರನ್ನು ಹಿಡಿದು ಕೂರಿಸುವುದು?

ಸುಲೋಚನಮ್ಮ ಸೆರಗಿನಿಂದ ಮುಖ ತೆಗೆದರು. "ಹಾಕ್ಲಿ ಬಿಡಿ ಭಾವ. ಇಷ್ಟು ವರ್ಷ ನಾನೊಬ್ಳೇ ತಡ್ಕಂಡಿಲ್ವಾ? ಒಂದಿನ ಊರೂ ತಡ್ಕಳ್ಳಿ."

ರುದ್ರಯ್ಯ ಅಯ್ನೋರ ಮುಖ ನೋಡಿದರು. ಅಂತ್ಯಕ್ರಿಯೆ ಮಾಡಿಸಲು ಬಂದಿದ್ದ ಶಿವಯ್ಯನವರು, "ನನ್ನ ಮಂತ್ರ ಮುಗೀಲಿ. ಮಣ್ಣು ಹಾಕೋವಾಗ ಬೇಕಾದ್ದು ಹಾಕ್ಕಳ್ಳವ್ವ," ಎಂದು ತೀರ್ಪು ಕೊಟ್ಟರು.

ಗುಂಡಿ ತೆಗೆದದ್ದು ಸ್ವಂತ ಕಾಫಿ ತೋಟದ ಅಂಚಿನಲ್ಲಿ. ಹಾರ್ನು, ಟೇಪು ಎಲ್ಲ ಮೈಕ್ ಸೆಟ್ಟಿನ ಜೀಪಿನಲ್ಲಿ ಹಿಂದೆಯೇ ಬಂದವು. ಶಾಂತಮಲ್ಲಪ್ಪನವರನ್ನು ಒಳಗೆ ಕೂರಿಸಿದರು. ಮಂತ್ರ ಮುಗಿಯಿತು, ಪತ್ರೆ, ವಿಭೂತಿ ಬಿದ್ದವು. ತನುಜಾ ಟೇಪಿನ ಗುಂಡಿ ಒತ್ತಿದಳು.

ಕರ್ರ್ರ್!

ಕುಂದೂರಿನ ಬೀಗರಿಗೆ ಕೊನೇ ಬಸ್ಸಿನ ನೆನಪಾಯಿತು. ಆದರೆ ಹಿಡಿ ಮಣ್ಣು ಹಾಕದೆ ಹೊರಡುವಂತಿರಲಿಲ್ಲ. ಎಲ್ಲರೂ ಹಲ್ಲು ಕಚ್ಚಿ ನಿಂತರು. ನಿಂತರಲ್ಲ! ತನುಜಾಳ ಎದೆ ಹಗುರಾಯಿತು.

ಅಷ್ಟರಲ್ಲಿ ಸದ್ದು ಇಳಿಯತೊಡಗಿತು. ಬೆಳಗಿನಿಂದ ಕರೆಂಟಿರಲಿಲ್ಲ, ಅಷ್ಟೂ ಭಕ್ತಿಗೀತೆ ಜೀಪಿನ ಬ್ಯಾಟರಿಯನ್ನೇ ಕುಡಿದಿತ್ತು. ಟೇಪು ನಿಧಾನವಾಯಿತು. ಕಿರುಚಾಟ ನರಳಾಟವಾಯಿತು, ನರಳಾಟ ದಪ್ಪಗಾಗಿ 'ಊಂ...' ಎಂದು ನೆಲದ ಮೇಲೆ ಹರಿಯಿತು.

"ಆಹಾ," ಎಂದರು ರುದ್ರಯ್ಯ. "ಈಗ ನೋಡು ಎಷ್ಟ್ ಚೆಂದ ಬತ್ತಾ ಐತೆ! ಓಂಕಾರ ಇದ್ದಂಗೈತಲ್ಲ!" ಕೈ ಮುಗಿದರು. ಸುತ್ತಲಿದ್ದವರೂ ಮುಗಿದರು. ಅಯ್ನೋರು ಕಣ್ಣು ಮುಚ್ಚಿದರು. ಬೀಗಿತಿಯೊಬ್ಬರು ಬಿಕ್ಕಿದರು.

"ಹೆಡ್ ಒರೆಸಿದ್ದು ನಾನೇಯ," ಎಂದ ಕೆಂಚಯ್ಯ ಮೆಲ್ಲಗೆ.

"ಇದಲ್ಲ!" ತನುಜಾ ಕೂಗಿದಳು. "ಇದಲ್ಲ ಕಣ್ರೀ ಅದು!"

ಯಾರೂ ಕಣ್ಣು ತೆರೆಯಲಿಲ್ಲ. ಅವಳು ಜೀಪಿನ ಸೀಟಿನಡಿಯಿಂದ ಕಬ್ಬಿಣದ ಹ್ಯಾಂಡಲ್ ಎಳೆದು, ಮುಂದೆ ಬಂದು, ಬಂಪರಿನ ತೂತಿಗೆ ತುರುಕಿ ತಿರುವಿದಳು. ಸೀರೆ ಕೆಸರಾಯಿತು.

"ಬ್ಯಾಡ ಕಣವ್ವ, ಈಗ್ಲೇ ಚೆಂದಾಗೈತೆ!" ಎಂದು ಕೆಂಚಯ್ಯ ಅಂಗಲಾಚಿದ.

ಅವಳು ಮತ್ತೆ ತಿರುವಿದಳು. ಇಂಜಿನ್ ಕೆಮ್ಮಿ ಹಿಡಿಯಿತು. ಓಡಿ ಹತ್ತಿ ಆಕ್ಸಲರೇಟರ್ ಒತ್ತಿದಳು. ಬ್ಯಾಟರಿಗೆ ಜೀವ ಬಂದು ಓಂಕಾರ ನಡುಗಿ, ಮೇಲೇರಿ, ಸೀಳಿ ಮತ್ತೆ 'ಕರ್ರ್ರ್' ಎಂದಿತು.

ಮುಗಿದ ಕೈಗಳು ಒಂದೊಂದಾಗಿ ಬಿಚ್ಚಿಕೊಂಡು ಕಿವಿಗೆ ಏರಿದವು. ರುದ್ರಯ್ಯನವರದೂ ಏರಿತು. ತನುಜಾ ಕಾಲು ತೆಗೆಯಲಿಲ್ಲ. ಗುಂಡಿಯ ಅಂಚಿನಲ್ಲಿ ಸಲಿಕೆ ಹಿಡಿದಿದ್ದ ಇಬ್ಬರಿಗೆ ಮಾತ್ರ ಕೈ ಬಿಡುವಿರಲಿಲ್ಲ. ಅವರು ಮುಖ ಕಿವಿಚಿಕೊಂಡು, ಕೇಳುತ್ತ, ಮಣ್ಣು ಎಳೆಯುತ್ತಿದ್ದರು.