ಬೆಳಗಿನ ಆಯೇರಿ

ಮೂವತ್ತು ವರ್ಷಗಳಿಂದ ಹಳ್ಳಿ ಹಳ್ಳಿ ತಿರುಗಿ ನಾಟಕ ಕಲಿಸುತ್ತಿದ್ದೇನೆ. ಅಂದೋಲಾದ ಸಿದ್ದರಾಮೇಶ ಮಾಸ್ತರ ಎಂದರೆ ಜೇವರ್ಗಿಯಿಂದ ಆಳಂದದವರೆಗೆ ಗೊತ್ತು. ಹಾರ್ಮೋನಿಯಂ ನನ್ನದು, ನಾಟಕ ನನ್ನದು, ಬೈಗುಳವೂ ನನ್ನದೇ. ನನಗೆ ಮೈ ಉರಿಯುವುದು ಆಯೇರಿ ಕಂಡಾಗ. ಕಣ್ಣೀರಿನ ದೃಶ್ಯ ನಡೆದಿರುತ್ತದೆ, ಅಷ್ಟರಲ್ಲಿ ಪಾತ್ರಧಾರಿಯ ಸೋದರಮಾವ ಉಡುಗೊರೆ ಹಿಡಿದು ಸ್ಟೇಜು ಹತ್ತುತ್ತಾನೆ. ಸಾಯುತ್ತಿದ್ದವನು ಎದ್ದು ನಿಂತು ಅಂಗಿಬಟ್ಟೆ ತೆಗೆದುಕೊಂಡು, ಕೈಮುಗಿದು, ಮತ್ತೆ ಸಾಯಲು ಮಲಗುತ್ತಾನೆ. ಕೊಟ್ಟವರ ಹೆಸರು ಮೈಕಿನಲ್ಲಿ ಕೂಗುತ್ತಾರೆ. ಹೀಗಾಗಿ ನಮ್ಮ ಕಡೆ ನಾಟಕ ಮುಗಿಯುವ ಹೊತ್ತಿಗೆ ಕೋಳಿ ಕೂಗಿರುತ್ತದೆ.

ಈ ವರ್ಷ ತೊಗರಿ ರಾಶಿ ಮುಗಿದ ಮೇಲೆ ನಿಂಬರ್ಗಾದವರು ಕರೆದರು. ನಾನೇ ಬರೆದ ಹೊಸ ನಾಟಕ. ತಾನು ಆಗಲಾರದ್ದನ್ನು ಮಗ ಆಗಲಿ ಎಂದು ಹಟ ಹಿಡಿದ ಅಪ್ಪ; ಆ ಹಟಕ್ಕೇ ಬಲಿಯಾಗುವ ಮಗ. ಕೊನೆಯಲ್ಲಿ ಮುದುಕ ಮಗನ ಫೋಟೋದ ಮುಂದೆ ಕೂತು ಮೂರು ಸಲ ಕೂಗುತ್ತಾನೆ. ಉತ್ತರವಿಲ್ಲ. ಪರದೆ ಬೀಳುತ್ತದೆ.

ಅಪ್ಪನ ಪಾತ್ರ ಕೇಳಿಕೊಂಡು ಬಂದವನು ಗುರುಶಾಂತ, ನಿಂಬರ್ಗಾದವನೇ, ಈಗ ಖಜೂರಿಯಲ್ಲಿ ಲಾರಿ ರಿಪೇರಿ ಮಾಡುವವನು. ನನಗೆ ನಂಬಲಾಗಲಿಲ್ಲ. ಇವನ ಅಪ್ಪ ದೇವಿಂದ್ರಪ್ಪ ಹರೆಯದಲ್ಲಿ ನಾಟಕ ಕಂಪನಿ ಸೇರಿದ್ದ. ಮೊದಲ ಆಟದಲ್ಲೇ ಬಾಯಿ ಕಟ್ಟಿತು. ಮರುದಿನ ಟ್ರಂಕು ಹೊತ್ತು ಊರಿಗೆ ಬಂದ. ಆ ಆಸೆಯನ್ನೆಲ್ಲ ಮಗನ ಮೇಲೆ ಹೇರಿದ. ಹದಿನಾಲ್ಕನೆಯ ವಯಸ್ಸಿಗೆ ಗುರುಶಾಂತ ಇದೇ ನಿಂಬರ್ಗಾದ ಸ್ಟೇಜಿನಲ್ಲಿ ಮಾತು ಮರೆತ. ಅಪ್ಪ ಮೇಲೆ ಹತ್ತಿ, ಬಣ್ಣ ಹಚ್ಚಿದ ಆ ಮುಖಕ್ಕೆ ಜನರೆದುರೇ ಬಾರಿಸಿದ. "ಮಾತು ಮರತೇನಪ್ಪಾ, ಹೊಡೀಬ್ಯಾಡ" ಎಂದು ಅವನು ಅತ್ತದ್ದು ಮೈಕಿನಲ್ಲಿ ಊರಿಗೆಲ್ಲ ಕೇಳಿತ್ತು. ಹಾರ್ಮೋನಿಯಂ ಮುಂದೆ ನಾನೇ ಇದ್ದೆ. ಎದ್ದು ತಡೆಯಲಿಲ್ಲ; ಆ ನಾಚಿಕೆ ಇವತ್ತಿಗೂ ಇದೆ.

ಅಂದಿನಿಂದ ಹದಿನೆಂಟು ವರ್ಷ ಅಪ್ಪ ಮಗನ ಮಾತೆಲ್ಲ ತಾಯಿ ಗಂಗುಬಾಯಿಯ ಮೂಲಕವೇ ನಡೆದಿತ್ತು.

"ಈಗ್ಯಾಕೋ ನಿನಗ ಈ ಪಾತ್ರ?" ಎಂದೆ.

"ಅಪ್ಪ ಹೊಡೆದ ಜಾಗಾದಾಗೇ ನಿಂದರಬೇಕರಿ ಮಾಸ್ತರ. ಅವ ಬಂದು ಒಂದು ಟವೆಲ್ ಆಯೇರಿ ಮಾಡಿದ್ರ ಸಾಕು. ಮತ್ತೇನೂ ಬ್ಯಾಡ್ರಿ."

ದೇವಿಂದ್ರಪ್ಪನಿಗೆ ನಾನೇ ಹೋಗಿ ಹೇಳಿದೆ. ಅವನು ತಂಬಾಕು ತಿಕ್ಕುತ್ತ, "ನಡುವ ಮಾತು ಮರೀತಾನ, ನೋಡ್ರಿ ಬೇಕಾದ್ರ" ಎಂದ. ಹುಟ್ಟುಗುಣ ಸುಟ್ಟರೂ ಹೋಗದು ಎಂದುಕೊಂಡು ಎದ್ದು ಬಂದೆ.

ಆದರೆ ಆಟದ ದಿನ ಬಂದ. ಮುಂದಿನ ಜಮಖಾನೆಯ ಮೇಲೆ, ತೊಡೆಯ ಮೇಲೊಂದು ಕೈಚೀಲ ಇಟ್ಟುಕೊಂಡು ಕೂತ. ಆಯೇರಿಗಳು ಒಂದರ ಹಿಂದೊಂದು ಬಂದವು. ಅಫಜಲಪುರದ ಮಾವ ಗುರುಶಾಂತನಿಗೆ ಉಂಗುರ ತೊಡಿಸಿದ. ಪ್ರತಿ ಸಲ ಮೈಕು ಕೂಗಿದಾಗಲೂ ಗುರುಶಾಂತನ ಕಣ್ಣು ಆ ಚೀಲದ ಕಡೆ ಹೋಗುತ್ತಿತ್ತು. ಚೀಲ ಅಲುಗಲಿಲ್ಲ.

ಕೊನೆಯ ದೃಶ್ಯ ಬಂದಾಗ ಮೂಡಣ ಬೆಳ್ಳಗಾಗಿತ್ತು. ಗುರುಶಾಂತ ಮುದುಕನಾಗಿ ಬಂದ. ಟವೆಲ್ ಎರಡು ಸಲ ಝಾಡಿಸಿ ಹೆಗಲಿಗೆ ಹಾಕಿದ, ಒಣಕೆಮ್ಮು ಕೆಮ್ಮಿದ, ಎಡಗೈ ಬೆನ್ನಿಗೆ ಕಟ್ಟಿದ. ಯಾವುದೂ ನಾನು ಕಲಿಸಿದ್ದಲ್ಲ. ದೇವಿಂದ್ರಪ್ಪನೇ ಅವನು. ಜನ ಮೊದಲು ಕಿಸಕ್ಕನೆ ನಕ್ಕರು, ಆಮೇಲೆ ನಗು ನಿಂತೇಹೋಯಿತು. ಇಷ್ಟು ವರ್ಷ ಮಾತಾಡದ ಮಗ ಅಪ್ಪನನ್ನು ಕಣ್ಣಲ್ಲೇ ಇಷ್ಟೊಂದು ತುಂಬಿಕೊಂಡಿದ್ದನೇ ಎಂದು ನನಗೆ ಮೈ ಜುಮ್ಮೆಂದಿತು.

"ಮಗಾ, ಒಂದು ಮಾತಾಡೋ." ಫೋಟೋದ ಮುಂದೆ ಮೂರನೆಯ ಸಲ ಕೂಗಿದ.

ದೇವಿಂದ್ರಪ್ಪ ಎದ್ದು ಸ್ಟೇಜು ಹತ್ತಿದ. ಇಡೀ ರಾತ್ರಿ ಬಿಟ್ಟು ಈಗ ಬಂತೇ ಇವನ ಆಯೇರಿ ಎಂದು ನಾನು ಹಲ್ಲು ಕಡಿದೆ. ಮೈಕಿನ ಸಂತೋಷಕುಮಾರ ರೂಢಿಯಂತೆ ಶುರು ಮಾಡಿದ: "ಪಾತ್ರಧಾರಿಯ ತಂದೆಯವರಾದ ದೇವಿಂದ್ರಪ್ಪ ಅವರಿಂದ..."

ಚೀಲ ಜಮಖಾನೆಯ ಮೇಲೇ ಉಳಿದಿತ್ತು. ದೇವಿಂದ್ರಪ್ಪನ ಎರಡೂ ಕೈ ಖಾಲಿ. ಬಾಯಿ ತೆರೆದ, ಮಾತು ಬರಲಿಲ್ಲ. ಕಂಪನಿಯಲ್ಲಿ ಕಟ್ಟಿದ ಬಾಯಿ ಮತ್ತೆ ಕಟ್ಟಿತು. ಗುರುಶಾಂತ ಪಾತ್ರ ಬಿಟ್ಟು ಕೈಮುಗಿಯಲಿಲ್ಲ. ಮುದುಕನಾಗಿಯೇ ಕಾದ. ಕೊನೆಗೆ ದೇವಿಂದ್ರಪ್ಪ ಮಗನ ಮುಂದೆ ಮೊಣಕಾಲೂರಿ ಕೂತ.

"ಮಾತು ಮರತೇನಪ್ಪಾ," ಎಂದ. "ಹೊಡೀಬ್ಯಾಡ."

ಗುರುಶಾಂತನ ಬಲಗೈ ಮೇಲೆದ್ದಿತು. ಆ ಕೈ ನಿಧಾನಕ್ಕೆ ಇಳಿದು ಅಪ್ಪನ ತಲೆಯ ಮೇಲೆ ಕೂತಿತು. ಆಮೇಲೆ ಅವನು ತನ್ನ ಹೆಗಲ ಟವೆಲ್ ತೆಗೆದು ಅಪ್ಪನಿಗೆ ಹೊದಿಸಿದ.

"ಮರತ್ರ ಏನಾಯ್ತು, ಮಗಾ. ನಾ ಇದ್ದೀನಲ್ಲ," ಎಂದ.

ಹಾರ್ಮೋನಿಯಂ ಮೇಲಿದ್ದ ನನ್ನ ಬೆರಳು ಏಳಲಿಲ್ಲ. ನನ್ನ ನಾಟಕದಲ್ಲಿ ಉತ್ತರ ಬರುವುದಿಲ್ಲ. ಬಂದ ಉತ್ತರದ ಮುಂದೆ ನಾನು ಬರೆದದ್ದೆಲ್ಲ ಸಣ್ಣದಾಯಿತು, ಅದಕ್ಕೆ ನನಗೆ ದುಃಖವೂ ಆಗಲಿಲ್ಲ.

ಸಂತೋಷಕುಮಾರ ಮೈಕಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ಬಾಗಿದ. "ಮಾಸ್ತರ್ರಿ, ಆಯೇರಿ ಯಾರದು, ಯಾರಿಗೆ ಅಂತ ಹೇಳ್ಲಿ?"

"ಲೇ, ಮೈಕ್ ಬಂದ್ ಮಾಡು," ಎಂದೆ.