ಹಗ್ಗವಿಲ್ಲದ ನಾಯಿ

"ಆ ತೇಪೆ ಎತ್ತೋದಿಲ್ಲ ಅಂತ ಮಾತು ಕೊಡು. ಆಮೇಲೆ ಸಹಿ ಹಾಕ್ತೀನಿ" ಎಂದಿದ್ದರು ಹುಳು ಸಾರ್, ಇಪ್ಪತ್ತೆರಡು ವರ್ಷಗಳ ಹಿಂದೆ. ಬೈಂಡಿಂಗ್ ಅಕ್ಕ ಆಗ ಆರು ತಿಂಗಳ ಬಸುರಿ. ಸಹಿಯ ಆಸೆಗೆ ಹಿಂದೆಮುಂದೆ ನೋಡದೆ ಹೊಟ್ಟೆಯ ಮೇಲೆ ಕೈಯಿಟ್ಟು, "ಈ ಮಗೂ ಮೇಲಾಣೆ ಸಾರ್" ಅಂದುಬಿಟ್ಟಳು. ಅವರ ಮುಖ ಬಿಳಿಚಿಕೊಂಡಿತು.

"ಥೂ, ಮಕ್ಕಳನ್ನ ಯಾಕಮ್ಮ ಇದಕ್ಕೆ ಎಳೀತೀಯ? ಕೈ ತೆಗಿ. ಎತ್ತಲ್ಲ ಅಂತ ಬರೀ ಬಾಯಲ್ಲಿ ಹೇಳು, ಸಾಕು."

ಎತ್ತಲ್ಲ ಎಂದಳು. ಅವರು ಚಿತ್ರದ ಮೂಲೆಯಲ್ಲಿ ಸಹಿ ಮಾಡಿ, ಅದರ ಕೆಳಗೆ ತಮ್ಮ ಗುರುತಿನ ಬಸವನಹುಳುವನ್ನು ಎರಡೇ ಸುತ್ತಿನಲ್ಲಿ ಬಿಡಿಸಿಕೊಟ್ಟರು. ಎಂದೂ ಹೇಳಿದ ದಿನಕ್ಕೆ ಚಿತ್ರ ಕೊಡದ ಮನುಷ್ಯ ಅಂತ ಪತ್ರಿಕೆಯವರು ಇಟ್ಟ 'ಬಸವನಹುಳು' ಎಂಬ ಅಡ್ಡಹೆಸರನ್ನು ಅವರು ಹೆಮ್ಮೆಯಿಂದ ಗುರುತೇ ಮಾಡಿಕೊಂಡಿದ್ದರು.

ವಾರಪತ್ರಿಕೆಯ ವರ್ಷದ ಸಂಚಿಕೆಗಳನ್ನು ಹೊಲಿದು, ರಟ್ಟು ಕಟ್ಟಿ, ದಪ್ಪ ಸಂಪುಟ ಮಾಡಿಕೊಡುವುದು ಅಕ್ಕನ ಕೆಲಸ. ಮದುವೆಯಾದ ಹೊಸತರಲ್ಲಿ ಬಂದ ಒಂದು ಕಟ್ಟಿನಲ್ಲಿ ಸಂಚಿಕೆಗಳ ಅಂಚು ನಲುಗದಿರಲೆಂದು ನಡುನಡುವೆ ದಪ್ಪ ಹಾಳೆ ತುರುಕಿದ್ದರು. ತಿರುಗಿಸಿ ನೋಡಿದರೆ ವ್ಯಂಗ್ಯಚಿತ್ರಗಳು! ಅಚ್ಚಾದ ಪ್ರತಿಯಲ್ಲ, ಶಾಯಿ ಒಣಗಿದ, ಪೆನ್ಸಿಲ್ ಗೀಟು ಅಳಿಸದೇ ಉಳಿದ ಮೂಲಚಿತ್ರಗಳು. ಅವಳಿಗೆ ಅಂದು ಹಿಡಿದ ಹುಚ್ಚು ಬಿಡಲೇ ಇಲ್ಲ. ಪತ್ರಿಕೆಯವರು "ಒಲೆಗೆ ಹಾಕೋ ಸಾಮಾನು, ನಿಂಗೆ ಬೇಕಾದ್ರೆ ಒಯ್ಯಿ" ಎಂದರು. ಒಯ್ದಳು. ಆಮೇಲೆ ಒಬ್ಬೊಬ್ಬ ವ್ಯಂಗ್ಯಚಿತ್ರಕಾರನ ಮನೆ ಹುಡುಕಿ ಸಹಿ ಹಾಕಿಸಿಕೊಳ್ಳುವ ತಿರುಗಾಟ. ಒಬ್ಬರು ಹೆಸರಿಗೆ ಮೀಸೆ ಬರೆದರು. ಇನ್ನೊಬ್ಬರು "ಯಾರೋ ನನ್ನ ಸಹಿ ಕೇಳ್ಕೊಂಡು ಬಂದಿದ್ದಾರೆ ಕಣೇ" ಎಂದು ಹೆಂಡತಿಯನ್ನು ಕೂಗಿ ಕರೆದರು, ಆ ಮಹಾತಾಯಿ "ಸಾಲದವರಾ?" ಎಂದು ಒಳಗಿಂದಲೇ ಕೇಳಿದಳು. ಹೀಗೆ ಸೇರಿದವು ನಲವತ್ತೊಂದು. ಬೈಂಡಿಂಗ್ ಕೋಣೆಯ ಗೋಡೆ ತುಂಬ ಅವೇ. ಗಂಡ ಇದ್ದಷ್ಟು ದಿನವೂ "ನನ್ನ ಫೋಟೋಗೆ ಜಾಗ ಬಿಟ್ಟಿರು" ಎಂದು ಕುಟುಕುತ್ತಿದ್ದ. ಅವನ ಫೋಟೋ ಈಗ ಬಾಗಿಲ ಮೇಲಿದೆ.

ನಲವತ್ತೊಂದರಲ್ಲಿ ಅವಳ ಜೀವವೆಂದರೆ ಹುಳು ಸಾರ್ ಬರೆದ ಬಸ್ ಕ್ಯೂ. ಕ್ಯೂ ಹಾಳೆಯ ಈ ತುದಿಯಿಂದ ಆ ತುದಿಗಿದೆ. ಮುಂದಿನವನು ಕೇಳುತ್ತಾನೆ, "ಬಸ್ ಎಷ್ಟೊತ್ತಿಗೆ?" ಹಿಂದಿನವನು ಹೇಳುತ್ತಾನೆ, "ನಾನು ನಿಂತಾಗ ಇದು ಸಿನಿಮಾ ಕ್ಯೂ ಅಂದಿದ್ರಲ್ಲ!" ಕ್ಯೂವಿನ ಕೊನೆಯಲ್ಲಿ ಚೀಲ ಹಿಡಿದ ಒಬ್ಬ ಹೆಂಗಸು. ಅವಳ ಪಕ್ಕದಲ್ಲಿ ಒಂದು ನಾಯಿ. ನಾಯಿ ಮಾತ್ರ ಬೇರೆ ಕಾಗದದ ತುಂಡಿನ ಮೇಲೆ ಬರೆದು ಅಂಟಿಸಿದ್ದು. ಅದೇ ತೇಪೆ. ತಪ್ಪು ಬರೆದಾಗ ಚಿತ್ರಕಾರರು ಹಾಗೆ ತೇಪೆ ಹಾಕುವುದು ಮಾಮೂಲು, ಅಚ್ಚಿನಲ್ಲಿ ಗೊತ್ತಾಗುವುದಿಲ್ಲ. ಹೆಂಗಸಿನ ಕೈ ನಾಯಿಯ ಕಡೆ ಚಾಚಿದೆ, ಬೆರಳಿಗೆ ಕುಣಿಕೆಯಂಥದೊಂದು ಸುತ್ತಿದೆ, ಆದರೆ ಅಲ್ಲಿಂದ ನಾಯಿಯ ಕುತ್ತಿಗೆಗೆ ಹಗ್ಗವಿಲ್ಲ. ಆ ಕಾಲದಲ್ಲಿ ಓದುಗರು ಬರೆದು ಕೇಳಿದ್ದರಂತೆ, ಹಗ್ಗ ಎಲ್ಲಿ ಅಂತ. "ನಮ್ಮ ನಾಯಿ ಮರ್ಯಾದಸ್ಥ, ಹಗ್ಗ ಬೇಕಿಲ್ಲ" ಎಂದು ಸಂಪಾದಕರು ಉತ್ತರ ಹಾಕಿದ್ದರಂತೆ.

ಹುಳು ಸಾರ್ ತೀರಿಕೊಂಡ ಮೂರನೇ ತಿಂಗಳು, ಒಂದು ಭಾನುವಾರ ಮಧ್ಯಾಹ್ನ, ಅವರ ಹೆಂಡತಿ ಗೋಡೆ ಸವರಿಕೊಂಡು ಮೆಟ್ಟಿಲು ಹತ್ತಿ ಬಂದರು. ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿ ನಿವೃತ್ತರಾದವರು, ಎಲ್ಲರಿಗೂ ಟೀಚರ್. ಅಕ್ಕನ ಮಗಳು ಓಡಿಹೋಗಿ ಕೈಹಿಡಿದು ಕುರ್ಚಿಯಲ್ಲಿ ಕೂರಿಸಿದಳು. ಟೀಚರ್ ಅಕ್ಕನ ಮುಖ ನೋಡಲು ತಲೆಯನ್ನು ಹಕ್ಕಿಯ ಹಾಗೆ ಓರೆ ಮಾಡಿದರು.

"ನೆಟ್ಟಗೆ ನೋಡಿದ್ರೆ ನೀನಿಲ್ಲ ಕಣಮ್ಮ. ನಡುಗಣ್ಣು ಹೋಯ್ತು. ಅಂಚಲ್ಲಿ ಅಷ್ಟಿಷ್ಟು ಕಾಣುತ್ತೆ. ಅದೂ ಇನ್ನೆರಡು ತಿಂಗಳು ಅಂತಾರೆ ಡಾಕ್ಟರು." ಚೀಲವನ್ನು ತೊಡೆಯ ಮೇಲೆ ಭದ್ರ ಮಾಡಿಕೊಂಡರು. "ನಿನ್ನ ಹತ್ರ ಒಂದು ನಾಯಿ ಇದೆಯಂತೆ."

ಅಕ್ಕನ ಕಣ್ಣು ಗೋಡೆಯ ಬಸ್ ಕ್ಯೂ ಕಡೆ ಹೋಯಿತು.

"ಕೊನೇ ದಿನ ಅವರು ಅಂದ್ರು, 'ಪುಟ್ಟಿ ನಾಯಿ ಕೆಳಗಿದ್ದಾಳೆ' ಅಂತ. ಜ್ವರದಲ್ಲಿ ಏನೋ ಬಡಬಡಿಸ್ತಿದ್ದಾರೆ ಅಂದ್ಕೊಂಡೆ. ಆಮೇಲೆ ಹೊಳೀತು. ನಮ್ಮವರಿಗೆ ನಾಯಿ ಅಂದ್ರೆ ಪ್ರಾಣ ಹೋಗೋಷ್ಟು ಭಯ. ಮೂವತ್ತು ವರ್ಷದಲ್ಲಿ ಒಂದೇ ಒಂದು ನಾಯಿ ಬರೆದಿದ್ದು. ಪತ್ರಿಕೆಯವರನ್ನ ಕೇಳ್ದೆ. ಮೂಲಚಿತ್ರ ಎಲ್ಲ ಬೈಂಡಿಂಗ್ ಅಕ್ಕನ ಹತ್ರ ಅಂದ್ರು."

ಪುಟ್ಟಿ ಅವರ ಒಬ್ಬಳೇ ಮಗಳು. ಆರು ವರ್ಷಕ್ಕೆ ಹೋದಳು. ಹೋದ ವಾರವೇ ಹುಳು ಸಾರ್ ಅವಳ ಫೋಟೋ ಒಂದನ್ನೂ ಬಿಡದೆ ಒಲೆಗೆ ಹಾಕಿದರು. ನೋಡಿಕೊಂಡು ಬದುಕಲಾರೆ ಎಂದರಂತೆ. ಟೀಚರ್ ಒಂದು ವರ್ಷ ಗಂಡನ ಜೊತೆ ಮಾತು ಬಿಟ್ಟರು. ಆಮೇಲೆ ಮಾತಾಡಿದರು, ಆ ವಿಷಯ ಬಿಟ್ಟು.

"ಆಸ್ಪತ್ರೇಲಿ ಅವಳ ಮಂಚದ ಪಕ್ಕ ಕೂತು ಇದನ್ನ ಬರೀತಿದ್ರು. 'ಅಪ್ಪ, ನನ್ನೂ ಕ್ಯೂನಲ್ಲಿ ನಿಲ್ಸು' ಅಂದಿದ್ಲು. ನಾನು ಔಷಧಿಗೆ ಅಂತ ಮೇಲೆ ಕೆಳಗೆ ಓಡ್ತಿದ್ದೆ, ಚಿತ್ರದ ಕಡೆ ತಿರುಗೂ ನೋಡಲಿಲ್ಲ." ಟೀಚರ್ ಚೀಲವನ್ನು ಇನ್ನಷ್ಟು ಒತ್ತಿಕೊಂಡರು. "ಅವಳ ಫ್ರಾಕು ನೆನಪಿದೆ. ಕ್ಲಿಪ್ಪು ನೆನಪಿದೆ. ಹಠ ಮಾಡಿದ್ದು, ನಾನು ಹೊಡೆದಿದ್ದು ನೆನಪಿದೆ. ಮುಖ ಬರ್ತಿಲ್ಲ. ಹೆತ್ತವಳಿಗೆ ಮುಖ ಬರ್ತಿಲ್ಲ ಅಂದ್ರೆ ಯಾರಿಗೆ ಹೇಳ್ಕೊಳ್ಳಲಿ? ಕಣ್ಣು ಮುಚ್ಚಿಹೋಗೋ ಮುಂಚೆ ಒಂದ್ಸಲ ತೋರ್ಸು ತಾಯಿ."

"ಎತ್ತಲ್ಲ ಅಂತ ಅವರಿಗೆ ಮಾತು ಕೊಟ್ಟಿದ್ದೀನಿ ಟೀಚರ್."

"ಸುಟ್ಟವನಿಗೆ ಕೊಟ್ಟ ಮಾತು. ಕೇಳೋದಕ್ಕೆ ಅವನಿಲ್ಲ. ನಾನಿದ್ದೀನಿ."

"ಅಮ್ಮಾ," ಮಗಳು ಮೂಲೆಗೆ ಎಳೆದು ಪಿಸುಗುಟ್ಟಿದಳು, "ಊರಿನ ಪುಸ್ತಕವನ್ನೆಲ್ಲ ಕಿತ್ತು ಹೊಲೀತೀಯ, ಇದೊಂದು ಚೂರು ಕಾಗದಕ್ಕೆ ಧರ್ಮರಾಯನ ಹಾಗೆ ಆಡ್ತೀಯಲ್ಲ!"

"ನಿಂಗೇನು ಗೊತ್ತೇ. ನಿನ್ನ ಮೇಲೇ ಆಣೆ ಇಡಕ್ಕೆ ಹೋಗಿದ್ದೆ ನಾನು."

"ನನ್ನ ಮೇಲಾ? ಸಹಿಗಾ?" ಎಂದಳು ಮಗಳು.

"ಬೇಡ ಅಂದ್ರು ಅವರೇ." ಹಾಗೆನ್ನುವಾಗ ಅಂದಿನ ಅವರ ಬಿಳಿಚಿದ ಮುಖ ಅವಳಿಗೆ ಈಗ ಅರ್ಥವಾಯಿತು. ತನ್ನ ಹೊಟ್ಟೆಯ ಮೇಲಿನ ಕೈಯನ್ನು ಅವರು ನೋಡಿದ ರೀತಿಯೂ.

ಅವಳು ಚೌಕಟ್ಟು ಇಳಿಸಿದಳು. ಎತ್ತುವುದಕ್ಕಲ್ಲ, ಎತ್ತದೆ ನೋಡುವ ದಾರಿ ಹುಡುಕುವುದಕ್ಕೆ. ಗಾಜು ತೆಗೆದು ಚಿತ್ರವನ್ನು ಕಿಟಕಿಗೆ ಹಿಡಿದಳು, ಬೆಳಕಲ್ಲಿ ಒಳಗಿನದು ಕಂಡೀತೆಂದು. ದಪ್ಪ ರಟ್ಟಿನ ಹಾಳೆ, ಬಿಸಿಲಿಗೂ ಜಗ್ಗಲಿಲ್ಲ. ಮೊಬೈಲಿನ ಲೈಟು ಒತ್ತಿಟ್ಟರು. ಏನೂ ಇಲ್ಲ. ಟೀಚರ್ ಕೂತಲ್ಲಿಂದಲೇ ಕೇಳಿದರು, "ಬಂದ್ಲಾ?"

ಆ ಒಂದು ಮಾತಿಗೆ ಅಕ್ಕ ಸೋತಳು. ಶಾಲೆ ಬಿಟ್ಟ ಮೇಲೆ ಗೇಟಿನ ಹತ್ತಿರ ನಿಂತು ಕೇಳುವ ಹಾಗೆ ಕೇಳಿದ್ದರು. ತನ್ನ ಮಗಳನ್ನು ನೋಡಿದಳು. ಇಪ್ಪತ್ತೊಂದು ತುಂಬಿದ ಹುಡುಗಿ, ಕೂದಲು ಕೆದರಿಕೊಂಡು, ಮೂಗು ಕೆಂಪು ಮಾಡಿಕೊಂಡು ನಿಂತಿದ್ದಾಳೆ. ಈ ಮುಖ ತನಗೆ ಬಾರದೆ ಹೋದರೆ? ಅಕ್ಕ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದಳು.

ನೀರು ಮುಟ್ಟಿಸಿ ಅಂಟು ನೆನೆಸಿದರೆ ತೇಪೆ ತಾನಾಗಿ ಏಳುತ್ತದೆ. ಅದು ಕಸುಬಿನವರ ದಾರಿ. ಆದರೆ ನಾಯಿಯ ಬಾಲದ ತುದಿಗೆ ಒದ್ದೆ ಹತ್ತಿ ಸೋಕಿಸಿದ್ದೇ ತಡ, ಗೆರೆ ನೀಲಿಯಾಗಿ ಹರಡಿತು. "ಅಯ್ಯೋ, ನೀಲಿ ಬಿಡ್ತಿದೆ" ಎಂದಳು.

"ನರ್ಸಿನ ಪೆನ್ನು" ಎಂದರು ಟೀಚರ್. "ಆಸ್ಪತ್ರೇಲಿ ಇವರ ಶಾಯಿ ಮುಗಿದಿತ್ತು."

ಬರೆಯುವ ಪೆನ್ನಿನ ಶಾಯಿ, ಹುಡುಗಿಯನ್ನೂ ಅದರಲ್ಲೇ ಬರೆದಿರಬೇಕು. ನೀರಾಗಲಿ ಹಬೆಯಾಗಲಿ ತಾಗಿದರೆ ಒಳಗಿರುವವಳು ಕರಗಿಹೋಗುತ್ತಾಳೆ. ಒಣಗಿದ ಅಂಟನ್ನು ಒಣಗಿದಂತೆಯೇ ಬಿಡಿಸಬೇಕು. ಅಕ್ಕ ಅತಿ ತೆಳ್ಳನೆಯ ಅಲಗನ್ನು ಆರಿಸಿ, ಅಂಗೈಗೆ ತಿಕ್ಕಿ ಬೆಚ್ಚಗೆ ಮಾಡಿ, ಬಾಲದ ಕಡೆಯಿಂದ ತೂರಿಸಿದಳು. ಕೂದಲೆಳೆಯಷ್ಟು. ನಿಲ್ಲಿಸಿದಳು. ಮತ್ತೆ ಕೂದಲೆಳೆಯಷ್ಟು. ಮಗಳು ಫ್ಯಾನ್ ಆರಿಸಿ ಕಿಟಕಿ ಮುಚ್ಚಿದಳು. ಕುತ್ತಿಗೆಯಿಂದ ಬೆವರು ಹನಿದೀತೆಂದು ಅಕ್ಕ ಸೆರಗು ಸುತ್ತಿಕೊಂಡಳು. ಹಿಂಗಾಲು ಬಿಟ್ಟಿತು. ಹೊಟ್ಟೆ ಬಿಡಲೊಲ್ಲದು. ಒಂದು ಕಡೆ ಕಾಗದದ ನಾರು ಚರ್ ಎಂದಿತು. ಅಕ್ಕ ಅಲಗು ನಿಲ್ಲಿಸಿದಳು.

"ಬಂದ್ಲಾ?"

"ಇನ್ನೂ ಇಲ್ಲ ಟೀಚರ್."

ಗಂಟೆಯೊಂದು ಕಳೆಯಿತು. ಮಗಳು ನೀರು ತಂದರೆ ಟೀಚರ್ ಕುಡಿಯಲಿಲ್ಲ. ಕನ್ನಡಕ ತೆಗೆದು, ಒರೆಸಿ, ಹಾಕಿ, ಮತ್ತೆ ತೆಗೆದು ಒರೆಸುತ್ತಿದ್ದರು. ಅದರಿಂದ ಕಣ್ಣಿಗೆ ಏನೂ ಆಗಬೇಕಿಲ್ಲ ಎಂದು ಅವರಿಗೂ ಗೊತ್ತಿತ್ತು.

ಕೊನೆಗೆ ನಾಯಿಯ ಮೂತಿಯೂ ಬಿಟ್ಟಿತು. ಅಕ್ಕ ತೇಪೆಯನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟು, ಬಗ್ಗಿ ನೋಡಿದಳು.

ಹುಡುಗಿ ಇರಲಿಲ್ಲ. ಬ್ಲೇಡಿನಿಂದ ಕೆರೆದಿದ್ದರು. ಶಾಯಿಯ ಒಂದು ಚುಕ್ಕೆಯನ್ನೂ ಉಳಿಸದಂತೆ, ಹಾಳೆಯ ಮೈ ನೂಲುನೂಲಾಗಿ ಏಳುವಷ್ಟು ಕೆರೆದು, ಅದರ ಮೇಲೆ ನಾಯಿಯನ್ನು ಅಂಟಿಸಿದ್ದರು.

"ಬಂದ್ಲಾ?"

ಇದ್ದಾಳೆ, ಎರಡು ಜಡೆ, ದುಂಡು ಮುಖ, ನಗ್ತಿದ್ದಾಳೆ ಎಂದುಬಿಡಲೇ? ಮಾತು ಅಕ್ಕನ ತುಟಿಯವರೆಗೆ ಬಂದಿತ್ತು. ಅಷ್ಟರಲ್ಲಿ ಟೀಚರ್ ಎದ್ದು, ಮೇಜು ಸವರುತ್ತ ಬಂದು, ಹಾಳೆಯ ಮೇಲೆ ಬೆರಳಿಟ್ಟರು. ಬೆರಳು ನುಣುಪಿನ ಮೇಲೆ ಓಡಿ, ಒರಟಿಗೆ ತಗಲಿ ನಿಂತಿತು. ವ್ಯಂಗ್ಯಚಿತ್ರಕಾರನ ಜೊತೆ ಬಾಳಿದ ಹೆಂಗಸು, ಒರಟೆಂದರೆ ಕೆರೆದದ್ದು ಎಂದು ಹೇಳಿಕೊಡಬೇಕಿರಲಿಲ್ಲ.

"ಇಲ್ಲೂ ಬಿಡಲಿಲ್ವಾ," ಎಂದರು. "ಇಲ್ಲೂ ಸುಟ್ಟ."

ಮಗಳು ಅಳುತ್ತ ಹೊರಗೆ ಹೋದಳು. ಟೀಚರ್ ಅಳಲಿಲ್ಲ. ಬೆರಳು ಒರಟಿನ ಅಂಚು ಹಿಡಿದು ನಡೆಯುತ್ತಿತ್ತು. ಕಾಲು, ಫ್ರಾಕಿನ ಅಗಲ, ಭುಜ, ತಲೆ. ಅವಳು ನಿಂತಿದ್ದಷ್ಟನ್ನೇ ಕೆರೆದಿದ್ದರು, ಅದಕ್ಕಿಂತ ಹೊರಗೆ ಒಂದು ಗೀರೂ ಇರಲಿಲ್ಲ. ತಲೆಯ ಜಾಗದಲ್ಲಿ ಬೆರಳು ಸುತ್ತಿತು, ಸುತ್ತಿತು.

"ಇಷ್ಟೇ ಎತ್ತರ ಇದ್ಲು. ಸೊಂಟಕ್ಕೆ ಬರ್ತಿದ್ಲು." ಬೆರಳು ಭುಜದಿಂದ ಮೇಲಕ್ಕೆ ಜಾರಿತು. "ಕೈ ಎತ್ತಿದಾಳಲ್ಲ? ಯಾರ ಕೈ ಹಿಡಿದಿದಾಳೆ?"

"ಪಕ್ಕದಲ್ಲೊಬ್ಬ ಹೆಂಗಸು ಇದಾಳೆ ಟೀಚರ್. ಚೀಲ ಹಿಡಿದಿದಾಳೆ. ಅವಳ ಬೆರಳಲ್ಲಿ ನಾಯಿ ಹಗ್ಗದ ಕುಣಿಕೆ…"

"ಪುಟ್ಟಿ ಪೂರ್ತಿ ಕೈ ಹಿಡೀತಿರಲಿಲ್ಲ. ತೋರುಬೆರಳು ಒಂದೇ. ನಾಲ್ಕು ಬೆರಳೂ ಸುತ್ತಿ, ಹೆಬ್ಬೆರಳು ಮಾತ್ರ ಹೊರಗೆ. ಬಿಡಿಸ್ಕೊಳ್ಳಕ್ಕೆ ಆಗ್ತಿರಲಿಲ್ಲ."

ಅಕ್ಕ ಭೂತಗನ್ನಡಿಯನ್ನು ತಡಕಾಡಿ ತೆಗೆದಳು. ಕೆರೆದ ಜಾಗ ಮುಗಿಯುವಲ್ಲಿ, ತೇಪೆಯ ಅಂಚಿನಿಂದ ಹೊರಗೆ, ಹೆಂಗಸಿನ ತೋರುಬೆರಳ ಸುತ್ತ ಪುಟ್ಟ ಗೆರೆಗಳು. ಒಂದು, ಎರಡು, ಮೂರು, ನಾಲ್ಕು. ಪಕ್ಕದಲ್ಲಿ ಮೊಂಡಾಗಿ ಇನ್ನೊಂದು. ಅದಕ್ಕೆ ಸಾಸಿವೆಯ ಕಾಲುಭಾಗದಷ್ಟು ಉಗುರು. ಕುಣಿಕೆಯಲ್ಲ. ಬ್ಲೇಡು ಮಣಿಕಟ್ಟಿನವರೆಗೆ ಬಂದು ನಿಂತುಹೋಗಿತ್ತು.

"ಇದೆ ಟೀಚರ್," ಎಂದಳು. "ಕೈ ಇದೆ. ನಾಲ್ಕೂ ಇವೆ. ಹೆಬ್ಬೆರಳು ಹೊರಗಿದೆ."

ಟೀಚರ್ ಭೂತಗನ್ನಡಿ ಕಿತ್ತುಕೊಂಡು, ತಲೆ ಆ ಕಡೆ ಓರೆ ಮಾಡಿ, ಈ ಕಡೆ ಓರೆ ಮಾಡಿ, ಮೂಗು ಹಾಳೆಗೆ ತಾಗುವಷ್ಟು ಬಗ್ಗಿದರು.

"ಕಾಣ್ತಿಲ್ಲ," ಎಂದರು. ಶಾಯಿಗೆ ದಪ್ಪವಿಲ್ಲ, ಬೆರಳಿಗೂ ಸಿಗಲಿಲ್ಲ. ಭೂತಗನ್ನಡಿ ಕೆಳಗಿಟ್ಟು, ತಮ್ಮ ತೋರುಬೆರಳನ್ನು ಇನ್ನೊಂದು ಮುಷ್ಟಿಯಲ್ಲಿ ಬಿಗಿ ಹಿಡಿದು ನಿಂತರು. ಮುಖ ಇನ್ನು ಬರುವುದಿಲ್ಲ ಎಂಬುದು ಕೋಣೆಯಲ್ಲಿದ್ದ ಇಬ್ಬರಿಗೂ ಗೊತ್ತಿತ್ತು.

ಹೊರಡುವಾಗ ಬಾಗಿಲಲ್ಲಿ ತಿರುಗಿ ಕೇಳಿದರು, "ಆ ಬೆರಳು ಮೊದಲಿಂದಾನೂ ಕಾಣ್ತಿತ್ತಾ? ತೇಪೆ ಎತ್ತೋ ಮುಂಚೆ?"

"ಕಾಣ್ತಿತ್ತು ಟೀಚರ್. ಅಚ್ಚಾದ ಪತ್ರಿಕೇಲೂ ಕಾಣುತ್ತೆ."

"ನಮ್ಮನೇ ಸಂಚಿಕೇಲೂ ಇತ್ತು, ಹಾಗಾದ್ರೆ. ಮೂವತ್ತು ವರ್ಷ." ಅಕ್ಕನ ಮಗಳ ಭುಜ ಹಿಡಿದು, ಒಂದೊಂದೇ ಮೆಟ್ಟಿಲು ಕಾಲಲ್ಲಿ ತಡವಿ ಇಳಿದುಹೋದರು.

ಅಕ್ಕ ಮೇಜಿಗೆ ಬಂದಳು. ನಾಯಿಯ ತೇಪೆ ಮಗುಚಿ ಬಿದ್ದಿತ್ತು. ಅದನ್ನು ಮೊದಲಿನ ಜಾಗಕ್ಕೆ ಇಟ್ಟು ನೋಡಿದಳು. ಅಂಚು ಸುರುಳಿಗಟ್ಟಿತ್ತು, ಕೂರಲಿಲ್ಲ. ಮೂಲೆಯಲ್ಲಿ ಹುಳು ಸಾರ್ ಸಹಿ, ಅದರ ಕೆಳಗೆ ಎರಡು ಸುತ್ತಿನ ಬಸವನಹುಳು, ಇದ್ದಂತೆಯೇ ಇದ್ದವು. ಆ ಸಹಿಗೆ ಕೊಟ್ಟ ಮಾತನ್ನು ಅವಳು ಮುರಿದಿದ್ದಳು.